ಮೂರು ದಿನ ಅಂದೆ, ಹಾಕಿದ್ದು ಐದು

ಡಾಕ್ಟರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಷ್ಟು ಬಾಟಲಿ, ಅದಕ್ಕೆ ಸುತ್ತಿದ ಚೀಟಿಯಲ್ಲಿ ಇರುವೆಯಂಥ ಅಕ್ಷರ. ತಿರುಗಿಸಿ ತಿರುಗಿಸಿ ಓದಿದರು. ಬೈಯಲಿಲ್ಲ. ಮೇಜಿನ ಮೇಲೆ ಟುಕ್ ಅಂತ ಇಟ್ಟು ಕೇಳಿದರು.

"ಎಷ್ಟು ದಿನ ಹಾಕಿದ್ದೀರಿ?"

"ಮೂರು" ಅಂದೆ.

ಐದು ದಿನ ಹಾಕಿದ್ದೆ. ದಿನಕ್ಕೆ ಮೂರು ಸಲ, ಗಡಿಯಾರ ನೋಡಿಕೊಂಡು, ಬಹಳ ಶಿಸ್ತಿನಿಂದ.

ನಮ್ಮ ಬೆಕ್ಕು ಬೆಳ್ಳಿಯ ಎಡಗಣ್ಣು ಕೆಂಪಾಗಿದ್ದು ಚೌತಿ ಮುಗಿದು ಒಂದು ವಾರಕ್ಕೆ. ಮೊದಲು ನೀರು ಬರುತ್ತಿತ್ತು, ಆಮೇಲೆ ಕಣ್ಣು ಅರ್ಧ ಮುಚ್ಚಿಕೊಂಡೇ ಕೂರತೊಡಗಿದಳು, ಜೊತೆಗೆ ಸೀನು. ಧೂಳು ಹೋಗಿರಬೇಕು ಅಂದುಕೊಂಡೆವು. ಫ್ರಿಜ್ಜಿನ ಬಾಗಿಲಲ್ಲಿ ಅಪ್ಪನ ಡ್ರಾಪ್ಸ್ ಇತ್ತು. ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಪೊರೆ ತೆಗೆಸಿಕೊಂಡು ಬಂದಾಗ ಕೊಟ್ಟಿದ್ದು, ಕಾಲು ಭಾಗ ಉಳಿದಿತ್ತು. "ಯಂಗೆ ಗುಣ ಆಜಿಲ್ಯನೇ, ಅದ್ಕೂ ಹಾಕು" ಅಂದ ಅಪ್ಪ. ಕಣ್ಣು ಅಂದರೆ ಕಣ್ಣೇ ಅಲ್ವಾ ಅಂತ ನನಗೂ ಅನಿಸಿತು. ತಪ್ಪನ್ನು ಅಪ್ಪನ ಮೇಲೆ ಹಾಕುವ ಹಾಗಿಲ್ಲ, ಅವನು ಓದಿದ್ದು ಏಳನೇ ಕ್ಲಾಸು, ನಾನು ಬಿ.ಎಸ್ಸಿ.

ಮೊದಲೆರಡು ದಿನ ಕಣ್ಣಿನ ಕೆಂಪು ನಿಜಕ್ಕೂ ಇಳಿಯಿತು. ನೋಡಿ, ಅದೇ ಮೋಸ. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಆಪರೇಷನ್ ಆದ ಕಣ್ಣಿಗೆ ಉರಿಯೂತ ಇಳಿಸಲು ಅದು ಬೇಕು. ಆದರೆ ಕಣ್ಣಿನ ಕರಿಗುಡ್ಡೆಯ ಮೇಲೆ ವೈರಸ್ಸಿನಿಂದ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಹಾಕುವುದು ಕಳ್ಳನಿಗೆ ಬಾಗಿಲು ತೆಗೆದುಕೊಟ್ಟ ಹಾಗೆ. ಅಲ್ಲಿನ ಕಾವಲನ್ನೇ ಅದು ತಗ್ಗಿಸುತ್ತದೆ. ಹೊರಗೆ ಕೆಂಪು ಕಡಿಮೆ ಕಾಣುತ್ತದೆ, ಒಳಗೆ ಹುಣ್ಣು ಹಬ್ಬುತ್ತದೆ. ಐದನೇ ದಿನ ಕಣ್ಣಿನ ಮೇಲೆ ಹೊಗೆ ಕಟ್ಟಿದ ಹಾಗೆ ಮಬ್ಬು. ಆಗ ಬುಟ್ಟಿಗೆ ಹಾಕಿ, ಮೇಲೆ ಆಯಿಯ ಹಳೇ ಸೀರೆ ಕಟ್ಟಿ, ಬಸ್ಸು ಹತ್ತಿ ಶಿರಸಿ ಪೇಟೆಗೆ ಓಡಿದೆ. ದಾರಿಯುದ್ದಕ್ಕೂ ಕೂಗಿದಳು. ಕಂಡಕ್ಟರು ಎರಡು ಸಲ ತಿರುಗಿ ನೋಡಿದರು, ಏನೂ ಹೇಳಲಿಲ್ಲ, ಒಳ್ಳೆಯ ಮನುಷ್ಯ.

ಡಾಕ್ಟರು ಹುಡುಗನ ಹಾಗಿದ್ದಾರೆ, ದನ ನೋಡಿ ನೋಡಿ ತೋಳು ಗಟ್ಟಿಯಾಗಿವೆ, ಆದರೆ ಬೆಕ್ಕನ್ನು ಹಿಡಿಯುವಾಗ ಹೂವಿನ ಹಾಗೆ ಹಿಡಿಯುತ್ತಾರೆ. ಒಂದು ಸಣ್ಣ ಕಾಗದದ ಪಟ್ಟಿ ತೆಗೆದರು, ತುದಿಯಲ್ಲಿ ಕಿತ್ತಳೆ ಬಣ್ಣ. ಅದಕ್ಕೆ ಒಂದು ಹನಿ ನೀರು ಹಾಕಿ ಕಣ್ಣಿಗೆ ಮುಟ್ಟಿಸಿ, ತೊಳೆದು, ಲೈಟು ಆರಿಸಿ ನೀಲಿ ಟಾರ್ಚು ಹಿಡಿದರು.

"ಬನ್ನಿ ಅಕ್ಕಾ, ಇಲ್ಲಿ ನೋಡಿ."

ಕಣ್ಣಿನ ಮೇಲೆ ಹಸಿರು ಗೆರೆ. ಮಿಂಚುಹುಳದಂಥ ಹಸಿರು. ಎಲೆ ಉದುರಿದ ಮರದ ಕೊಂಬೆಯ ಹಾಗೆ ಕವಲೊಡೆದಿತ್ತು. ಒಂದು ಕಡೆ ಕವಲುಗಳೆಲ್ಲ ಸೇರಿ ಅಗಲವಾದ ಮಚ್ಚೆ. ಮೇಲ್ಪದರ ಎಲ್ಲಿ ಹರಿದಿದೆಯೋ ಅಲ್ಲಿ ಮಾತ್ರ ಆ ಬಣ್ಣ ಹಿಡಿಯುತ್ತದಂತೆ. ಕೊಂಬೆಯ ಆಕಾರ ಕಂಡರೆ ಹರ್ಪಿಸ್ ವೈರಸ್ ಅಂತಲೇ ಲೆಕ್ಕವಂತೆ. "ಈ ಅಗಲ ಆಗಿದ್ದು ನೋಡಿ, ಇದು..." ಅಂದವರು ಮಾತು ನಿಲ್ಲಿಸಿ ಬಾಟಲಿಯತ್ತ ನೋಡಿದರು.

ಆಗಲೇ ಹೇಳಬಹುದಿತ್ತು, ಮೂರಲ್ಲ ಐದು ಅಂತ. ಹೇಳಲಿಲ್ಲ.

ಅವರು ವಿವರಿಸಿದ್ದರಲ್ಲಿ ನನ್ನ ತಲೆಗೆ ಹೋಗಿದ್ದು ಇಷ್ಟು. ಈ ವೈರಸ್ಸು ಬೆಕ್ಕುಗಳದ್ದೇ, ಮನುಷ್ಯರಿಗೆ ಅಂಟುವುದಿಲ್ಲ. 1958ರಲ್ಲೇ ಇದನ್ನು ಗುರುತಿಸಿದ್ದಾರೆ. ಮರಿಯಾಗಿದ್ದಾಗ ತಾಯಿಯಿಂದಲೋ ಜೊತೆಯ ಮರಿಗಳಿಂದಲೋ ಬರುತ್ತದೆ. ಬಂದರೆ ಹೆಚ್ಚಿನ ಬೆಕ್ಕುಗಳಲ್ಲಿ ಹೋಗುವುದೇ ಇಲ್ಲ. ಮುಖದ ನರದ ಗಂಟಿನಲ್ಲಿ ಸುಮ್ನೆ ಮಲಗಿರುತ್ತದೆ. ಬೆಕ್ಕಿಗೆ ಏನಾದರೂ ತಲೆಬಿಸಿಯಾದರೆ ಏಳುತ್ತದೆ, ಸುಮಾರು ಒಂದು ವಾರದ ಹೊತ್ತಿಗೆ.

"ಮನೆಯಲ್ಲಿ ಏನಾದರೂ ಗದ್ದಲ ಆಗಿತ್ತಾ?" ಅಂದರು.

ಗದ್ದಲವಾ! ಚೌತಿಗೆ ಮುಂಚೆ ಗೋಡೆಗೆ ಸುಣ್ಣ ಬಣ್ಣ, ಆಮೇಲೆ ಚಕ್ಕುಲಿ ಕಂಬಳ, ಅಂದರೆ ಎಲ್ಲರೂ ಸೇರಿ ಚಕ್ಕುಲಿ ಮಾಡುವುದು. ಜಗಲಿ ತುಂಬ ಜನ, ಹಿಟ್ಟು, ಎಣ್ಣೆ, ನಗೆ. ಹಬ್ಬಕ್ಕೆ ಬೆಂಗಳೂರಿನಿಂದ ಬಂದವರು ಹನ್ನೊಂದು ಮಂದಿ. ಮಕ್ಕಳು ಗರ್ನಾಲು ಹೊಡೆದಿದ್ದೇ ಹೊಡೆದಿದ್ದು. ಬೆಳ್ಳಿ ಮೂರು ದಿನ ಕೊಟ್ಟಿಗೆಯ ಅಟ್ಟದಿಂದ ಇಳಿದಿರಲಿಲ್ಲ. ನಾವು "ಅದಕ್ಕೆ ನಾಚಿಕೆ" ಅಂತ ನಕ್ಕಿದ್ದೆವು. ಮರಿಯಾಗಿ ಅಡಿಕೆ ಅಟ್ಟದ ಕೆಳಗೆ ಸಿಕ್ಕಿದಾಗಲೂ ಎರಡೂ ಕಣ್ಣು ಗೀಜು ಕಟ್ಟಿ ಅಂಟಿಹೋಗಿದ್ದವು. ಆಯಿ ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿ ಬಿಡಿಸಿದ್ದಳು. ಈಗ ಗೊತ್ತಾಗುತ್ತದೆ, ಆವತ್ತಿನಿಂದಲೇ ಇತ್ತು.

ಔಷಧ ಚೀಟಿ ಬರೆಯುವಾಗ ಫ್ಯಾಮ್ಸಿಕ್ಲೋವಿರ್ ಅನ್ನುವ ಹೆಸರಿನ ಕೆಳಗೆ ಎರಡು ಗೆರೆ ಎಳೆದರು. "ಇದು ಮನುಷ್ಯರ ಮಾತ್ರೆ, ಮೆಡಿಕಲ್‌ನಲ್ಲೇ ಸಿಗ್ತದೆ. ಇದಿಲ್ಲ, ಇದರ ಬದಲು ವ್ಯಾಲಾಸಿಕ್ಲೋವಿರ್ ಕೊಡ್ತೇನೆ ಅಂದರೆ ತಗೋಬೇಡಿ. ಅದು ಬೆಕ್ಕಿಗೆ ವಿಷ."

ಮೆಡಿಕಲ್‌ನಲ್ಲಿ ಹಾಗೇ ಆಯಿತು! ಚೀಟಿ ನೋಡಿದವನೇ "ಸರ್ಪಸುತ್ತಾ ಅಕ್ಕಾ? ಯಾರಿಗೆ?" ಅಂದ. ಬೆಕ್ಕಿಗೆ ಅಂದೆ. ಅಲ್ಲಿದ್ದ ನಾಲ್ಕು ಜನ ತಿರುಗಿದರು. ಅವನು ಒಳಗೆ ಹೋಗಿ ಬಂದು "ಇದು ಸ್ಟಾಕಿಲ್ಲ, ವ್ಯಾಲಾ ಇದೆ, ಅದೂ ಅದೇ" ಅಂತ ಸ್ಟ್ರಿಪ್ಪು ಮುಂದೆ ಇಟ್ಟ. ಎಷ್ಟು ಆರಾಮಾಗಿ ಇಟ್ಟ ಅಂದರೆ, ಡಾಕ್ಟರು ಹೇಳಿರದಿದ್ದರೆ ನಾನು ಚಿಲ್ಲರೆ ಎಣಿಸಿ ಕೊಟ್ಟು ಬಂದಿರುತ್ತಿದ್ದೆ. ಬೆಕ್ಕಿನಲ್ಲಿ ಅದು ಕಿಡ್ನಿ, ಲಿವರ್, ಮೂಳೆಯ ಮಜ್ಜೆ ಎಲ್ಲವನ್ನೂ ಕೆಡಿಸುತ್ತದೆ. ಮೂರನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು.

ಸರ್ಪಸುತ್ತಿನ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು. "ಬೆಕ್ಕಿಗೂ ಸರ್ಪಸುತ್ತು ಬತ್ತಡಾ?" ಅಂತ ಮೇಲಿನ ಮನೆ ಅತ್ತೆ ಬಂದೇಬಿಟ್ಟಳು. ಸುತ್ತು ಹಾಕಿ ತಲೆ ಬಾಲ ಕೂಡಿದರೆ ಕಷ್ಟ, ಮಂತ್ರಿಸುವವರು ಗೊತ್ತಿದ್ದಾರೆ ಅಂದಳು. ನಾನು ಹೇಳಿದೆ, ಅತ್ತೆ, ಇದು ಅದಲ್ಲ, ಅದರ ದಾಯಾದಿ. ಸರ್ಪಸುತ್ತು ಅಂದರೆ ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು, ಆ ಚಿಕನ್‌ಪಾಕ್ಸ್ ಅಂತೀವಲ್ಲ ಅದು, ನರದಲ್ಲಿ ಮಲಗಿದ್ದು ಮುದಿತನದಲ್ಲಿ ಏಳುವುದು. ಬೆಳ್ಳಿಯದು ಅದೇ ವಂಶದ ಬೇರೆ ಮನೆ. ಅತ್ತೆಗೆ ಅರ್ಥವಾಗಿದ್ದು ವಂಶ ಮತ್ತು ದಾಯಾದಿ ಅನ್ನುವ ಎರಡು ಮಾತು ಮಾತ್ರ. ಆದರೂ ಸಮಾಧಾನದಿಂದ ಹೋದಳು.

ಬೆಂಗಳೂರಿನ ಭಾವ ಫೋನಿನಲ್ಲಿ "ಬೆಕ್ಕಿಗೆ ಇಷ್ಟು ಖರ್ಚಾ?" ಅಂದ. ಕಾರಿಗೆ ತಿಂಗಳಿಗೊಮ್ಮೆ ಪಾಲಿಶ್ ಮಾಡಿಸುವ ಮನುಷ್ಯ. ಅವನ ಮಗಳು ಪಾಪ ಒಳ್ಳೆಯದಕ್ಕೇ, ಈ ವೈರಸ್ಸು ತಗ್ಗುತ್ತದೆ ಅಂತ ಬೆಕ್ಕಿಗೆ ಕೊಡುವ ಲೈಸೀನ್ ಪುಡಿ ಆರ್ಡರ್ ಮಾಡಲು ಹೊರಟಿದ್ದಳು. ಡಾಕ್ಟರು ಬೇಡ ಅಂದರು. ಅದರ ಮೇಲಿನ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದವರಿಗೆ ಉಪಯೋಗ ಏನೂ ಕಾಣಲಿಲ್ಲವಂತೆ.

ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಇನ್ನೊಂದು ಆಯಿತು. ಸೀರೆ ಸರಿಸಿ ನೋಡಿದರೆ ಬೆಳ್ಳಿಯ ಮೂಗಿನಿಂದ ಹಸಿರು ನೀರು! ಜೀವ ಬಾಯಿಗೆ ಬಂತು. ಬಸ್ಸಿನಿಂದಲೇ ಫೋನ್ ಮಾಡಿದೆ. ಡಾಕ್ಟರು ನಕ್ಕುಬಿಟ್ಟರು. "ಕಣ್ಣಿಗೆ ಹಾಕಿದ ಬಣ್ಣ ಅಕ್ಕಾ. ಕಣ್ಣೀರಿನ ನಾಳ ಮೂಗಿಗೆ ತೆರೆದಿದೆ ಅಂತ ಅರ್ಥ. ಒಳ್ಳೆಯದೇ." ಅವರು ಅಷ್ಟು ಸಲೀಸಾಗಿ ನಕ್ಕಿದ್ದಕ್ಕೇ ನನಗೆ ಇನ್ನೂ ಕಸಿವಿಸಿಯಾಯಿತು. ಇಷ್ಟು ಒಳ್ಳೆಯವರ ಹತ್ತಿರ ಸುಳ್ಳು ಹೇಳಿದೆನಲ್ಲ.

ಯಾಕೆ ಹೇಳಿದೆ? ಎರಡು ವಾರದಿಂದ ಇದೇ ತಲೆಯಲ್ಲಿ ತಿರುಗುತ್ತಿದೆ. ಅಪ್ಪನನ್ನು ಶುಗರ್ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ನಾನೇ. ಟೆಸ್ಟಿಗೆ ಎರಡು ದಿನ ಮೊದಲು ಅನ್ನ ಬಿಡುತ್ತಾನೆ, ಟೆಸ್ಟ್ ಮುಗಿದ ದಿನ ಹೋಳಿಗೆ ಕೇಳುತ್ತಾನೆ. ಡಾಕ್ಟರು ಸಿಹಿ ತಿಂತೀರಾ ಅಂದರೆ "ಹಬ್ಬಕ್ಕೊಂದು ಚೂರು" ಅನ್ನುತ್ತಾನೆ. ನಾನು ಪಕ್ಕದಲ್ಲಿ ಕೂತು "ಇಲ್ಲ ಡಾಕ್ಟ್ರೇ, ದಿನಾ" ಅಂತ ತಿದ್ದುತ್ತೇನೆ. ಹಾಗೆ ತಿದ್ದುವಾಗ ನನಗೆ ಒಂದು ಥರ ಹೆಮ್ಮೆ ಬೇರೆ. ಆಯಿಯಂತೂ ಮೂರು ತಿಂಗಳ ಸೊಂಟನೋವನ್ನು "ಎಂತ ಇಲ್ಲೆ, ಸ್ವಲ್ಪ ಸುಸ್ತು" ಅಂತ ಮುಗಿಸುವವಳು. ಇವರು ಯಾಕಪ್ಪಾ ಹೀಗೆ ಅಂತ ನನಗೆ ಸಿಟ್ಟು ಬರುತ್ತಿತ್ತು. ಈಗ ನೋಡಿದರೆ ನಾನೂ ಅದೇ ಮನೆಯವಳು. ಡಾಕ್ಟರಿಗೆ ಹೆದರಿ ಅಲ್ಲ. ಬೈದಿದ್ದರೆ ನಿಜ ಹೇಳುತ್ತಿದ್ದೆನೇನೋ. ಬೈಯದೆ ಬಾಟಲಿ ಟುಕ್ ಅಂತ ಇಟ್ಟರಲ್ಲ, ಆ ಸದ್ದಿಗೆ ಎರಡು ದಿನ ಉದುರಿಹೋದವು.

ಆರೈಕೆ ಅಂತೂ ಮನೆಯವರೆಲ್ಲರ ಕೆಲಸವಾಯಿತು. ಆ ಮಾತ್ರೆ ಕಹಿ. ನಾಲಿಗೆಗೆ ತಾಗಿದರೆ ಬಾಯಿ ತುಂಬ ನೊರೆ. ಅರ್ಧ ಮಾಡಿ ಬೆಣ್ಣೆಯಲ್ಲಿ ಉಂಡೆ ಕಟ್ಟಿ, ಬಾಯಿ ತೆರೆಸಿ ಹಿಂದಕ್ಕೆ ಹಾಕಬೇಕು. ಆಯಿ ಇದರಲ್ಲಿ ಎತ್ತಿದ ಕೈ. ಕಣ್ಣಿಗೆ ಆಂಟಿಬಯೋಟಿಕ್ ಮುಲಾಮು ನಾನು ಹಚ್ಚುತ್ತೇನೆ. ಕಣ್ಣು ಕೆರೆದುಕೊಳ್ಳದ ಹಾಗೆ ಕುತ್ತಿಗೆಗೆ ಕಾಲರ್ ಬೇಕಿತ್ತು, ಅಂಗಡಿಯಲ್ಲಿದ್ದವೆಲ್ಲ ನಾಯಿಯ ಅಳತೆ. ಕೊನೆಗೆ ಅಪ್ಪನ ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಮಾಡಿದೆವು. ಬೆಳ್ಳಿ ಬಾಗಿಲ ಬೆಳಕಿಗೆ ಬಂದು ಕೂತರೆ ಅವಳ ಮುಖದ ಸುತ್ತ ಅಪ್ಪನ ಮೊಣಕಾಲು ಕಾಣುತ್ತದೆ. ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸುತ್ತಾನೆ.

ಈ ಸೋಮವಾರ ಮತ್ತೆ ಹೋಗಿದ್ದೆ. ಮತ್ತೆ ಕಿತ್ತಳೆ ಪಟ್ಟಿ, ಮತ್ತೆ ನೀಲಿ ಟಾರ್ಚು. ಕೊಂಬೆ ಇರಲಿಲ್ಲ. ಸಾಸಿವೆ ಕಾಳಿನಷ್ಟು ಒಂದು ಹಸಿರು ಚುಕ್ಕೆ. ಪಕ್ಕದಲ್ಲಿ ತೆಳ್ಳಗೆ ಬಿಳಿ ಕಲೆ, ಅದು ಉಳಿಯಬಹುದು ಅಂದರು. ಇನ್ನು ಮುಂದೆ ಮನೆಯಲ್ಲಿ ಗದ್ದಲ ಇರುವಾಗ ಅವಳಿಗೆ ಒಂದು ಕೋಣೆ ಬಿಟ್ಟುಕೊಡಿ, ಲಸಿಕೆಯನ್ನೂ ಹಾಕಿಸಿ, ಅದು ಒಳಗಿದ್ದ ವೈರಸ್ಸನ್ನು ಓಡಿಸುವುದಿಲ್ಲ, ಆದರೂ ಬೇಕು ಅಂದರು. ಹೇಳುತ್ತಾ ಬೆಳ್ಳಿಯ ಕಾರ್ಡು ತೆಗೆದು ಬರೆಯತೊಡಗಿದರು. ಮೇಲಿನ ಸಾಲು ನನಗೆ ತಲೆಕೆಳಗಾಗಿ ಕಂಡಿತು. ಸ್ಟೀರಾಯ್ಡ್ ಡ್ರಾಪ್ಸ್, 3 ದಿನ.

"ಅದು ಐದು" ಅಂದೆ.

"ಏನು?"

"ಅಪ್ಪನ ಡ್ರಾಪ್ಸ್. ಐದು ದಿನ ಹಾಕಿದ್ದೆ."

3ನ್ನು ಹೊಡೆದು 5 ಅಂತ ಬರೆದರು. "ಊಟ ಮಾಡ್ತಿದ್ದಾಳಾ?" ಅಂದರು. ಮಾಡ್ತಿದ್ದಾಳೆ ಅಂದೆ. "ಆ ಬಾಟಲಿ?" ಅಂದರು. ಬಿಸಾಡಿದೆ ಅಂದೆ. ಇದು ನಿಜ. ಆವತ್ತೇ ಮನೆಗೆ ಹೋದವಳು ಕಸದ ಬುಟ್ಟಿಗೆ ಎಸೆದಿದ್ದೆ.

ರಾತ್ರಿ ಮಾತ್ರೆಗೆ ಬೆಣ್ಣೆ ತೆಗೆಯಲು ಫ್ರಿಜ್ಜು ತೆರೆದರೆ ಬಾಗಿಲಲ್ಲಿ, ಲಿಂಬೆಹಣ್ಣಿನ ಪಕ್ಕ, ಅದೇ ಬಾಟಲಿ. ತೊಳೆದು ಒರೆಸಿ ಇಟ್ಟಿದೆ.

"ಆಯೀ!"

"ಮುಂದೆ ನಾಯಿಗಾದ್ರೂ ಬೇಕಾಗ್ತು ಹೇಳಿ ಇಟ್ಟಿದ್ದಿ" ಅಂದಳು ಆಯಿ ಒಳಗಿನಿಂದ.