ಥಾಮಸ್ ಮಿಚೆಲ್ ಯಾಕೆ ಹೀರೋ ಆಗಲಿಲ್ಲ?

ಹಳೇ ಹಾಲಿವುಡ್‌ನಲ್ಲಿ ನಿನಗೆ ಇಷ್ಟದ ನಟ ಯಾರು ಅಂತ ಕೇಳಿದರೆ ನಾನು ಥಾಮಸ್ ಮಿಚೆಲ್ ಅನ್ನುತ್ತೇನೆ. ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಫೋಟೋ ತೋರಿಸಿದರೆ, ‘ಓ, ಇವರಾ! ಎಲ್ಲೋ ನೋಡಿದ್ದೀನಿ’ ಅನ್ನುತ್ತಾರೆ. ಅದರ ಬೆನ್ನಿಗೇ ಬರುವ ಪ್ರಶ್ನೆ: ‘ಅಷ್ಟೊಂದು ಒಳ್ಳೆ ನಟ ಅಂತೀಯಲ್ಲ, ಮತ್ತೆ ಯಾಕೆ ಹೀರೋ ಆಗಲಿಲ್ಲ?’

ವಯಸ್ಸು, ರೂಪ ಅಂತ ಹೇಳಿ ಮುಗಿಸಬಹುದು. ಅವರು ಹುಟ್ಟಿದ್ದು 1892ರಲ್ಲಿ, ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲಿ. ಮನೆಯವರು ಐರ್ಲೆಂಡಿನಿಂದ ಬಂದವರು. ಮೊದಲು ಪತ್ರಿಕೆಯಲ್ಲಿ ವರದಿಗಾರನ ಕೆಲಸ, ಆಮೇಲೆ ರಂಗಭೂಮಿ. ನಟಿಸಿದರು, ನಾಟಕ ಬರೆದರು, ನಿರ್ದೇಶಿಸಿದರು. ಸಿನಿಮಾದಲ್ಲಿ ನೆಲೆ ನಿಲ್ಲುವಷ್ಟರಲ್ಲಿ ನಲವತ್ತು ದಾಟಿತ್ತು. ದುಂಡು ಮುಖ, ಕೆದರಿದ ಕೂದಲು. ಆ ಕಾಲದ ದೊಡ್ಡ ಹೀರೋ ಕ್ಲಾರ್ಕ್ ಗೇಬಲ್ ಮಾಡೋ ಕೆಲಸಕ್ಕೆ ಇವರನ್ನು ಯಾರು ಕರೀತಾರೆ?

ಆದರೆ ನನಗೆ ಆ ಉತ್ತರ ಸಾಲದು. ಆ ಕಾಲದ ಹೀರೋ ಕೊನೆಗೆ ಸರಿಯಾದದ್ದನ್ನೇ ಮಾಡಬೇಕಿತ್ತು. ಹೆದರುವುದು, ಮರೆಯುವುದು, ಕೈಕೊಡುವುದು ಇವೆಲ್ಲ ಪೋಷಕ ನಟರ ಪಾಲು. ಮಿಚೆಲ್ ಗಟ್ಟಿಗರಾಗಿದ್ದದ್ದು ಅಲ್ಲೇ.

1939 ಒಂದೇ ವರ್ಷ ತೆಗೆದುಕೊಳ್ಳಿ. ಆ ವರ್ಷ ಅವರ ಐದು ಸಿನಿಮಾ ಬಂದವು, ಐದೂ ಇವತ್ತಿಗೂ ಜನ ನೋಡುವಂಥವು. ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನಲ್ಲಿ ಪತ್ರಕರ್ತ. ‘ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್’ನಲ್ಲಿ ಕಣ್ಣು ಮಂಜಾಗುತ್ತಿರುವ ಪೈಲಟ್. ‘ದ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ನಲ್ಲಿ ಭಿಕ್ಷುಕರ ರಾಜ. ‘ಗಾನ್ ವಿತ್ ದ ವಿಂಡ್’ನಲ್ಲಿ ನಾಯಕಿ ಸ್ಕಾರ್ಲೆಟ್‌ನ ಅಪ್ಪ. ಯುದ್ಧದಲ್ಲಿ ಎಲ್ಲ ಹೋಗಿದೆ, ಹೆಂಡತಿ ತೀರಿಕೊಂಡಿದ್ದಾಳೆ. ಇನ್ನೇನು ಮಾಡೋದು ಅಂತ ಮಗಳು ಕೇಳಿದರೆ, ನಿಮ್ಮಮ್ಮನನ್ನು ಕೇಳೋಣ ಅನ್ನುತ್ತಾನೆ. ಅಳು ಇಲ್ಲ, ಕೂಗಾಟ ಇಲ್ಲ. ಬುದ್ಧಿ ಕೆಟ್ಟಿದೆ ಅಂತ ನಮಗೆ ತಿಳಿಯಲು ಅಷ್ಟೇ ಸಾಕು.

ಐದನೆಯದು ‘ಸ್ಟೇಜ್‌ಕೋಚ್’. ಅದರ ಕುಡುಕ ಡಾಕ್ಟರ್ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಬಿಸಿ ಕಾಫಿ ಕುಡಿದು ಅಮಲು ಇಳಿಸಿಕೊಂಡು ಹೆರಿಗೆ ಮಾಡಿಸುವ ದೃಶ್ಯವನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಕೊನೆಗೆ ಬರುವ ಇನ್ನೊಂದು. ಊರಿನ ಹೆಂಡದಂಗಡಿಯಲ್ಲಿ ಒಬ್ಬ ಕೊಲೆಗಡುಕನ ಎದುರು ನಿಂತು, ಆ ಶಾಟ್‌ಗನ್ ಇಲ್ಲೇ ಬಿಟ್ಟು ಹೋಗು ಅನ್ನುತ್ತಾನೆ ಡಾಕ್ಟರ್. ಅವನು ಬಿಟ್ಟು ಹೋಗುತ್ತಾನೆ. ತಕ್ಷಣ ಡಾಕ್ಟರ್, ಇನ್ಮೇಲೆ ನನ್ನನ್ನು ಹೀಗೆ ಮಾಡೋಕೆ ಬಿಡಬೇಡಿ ಅಂತ ಹೇಳಿ ಗ್ಲಾಸಿಗೆ ಕೈ ಹಾಕುತ್ತಾನೆ. ಧೈರ್ಯ ಬಂದಿದ್ದು ನಿಜ, ಹೆದರಿದ್ದೂ ನಿಜ. ಹೀರೋಗೆ ಆ ಎರಡನೇ ಮಾತು ಬರೆದುಕೊಡುತ್ತಿರಲಿಲ್ಲ.

‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ (1946) ಅಂಕಲ್ ಬಿಲ್ಲಿ ಹೆಚ್ಚು ಜನಕ್ಕೆ ನೆನಪಿರುವ ಪಾತ್ರ. ಎಂಟು ಸಾವಿರ ಡಾಲರ್ ಕಟ್ಟಲು ಬ್ಯಾಂಕಿಗೆ ಹೋದವನು, ಶತ್ರುವನ್ನು ಅಣಕಿಸುವ ಖುಷಿಯಲ್ಲಿ ಪೇಪರ್ ಜೊತೆ ಹಣವನ್ನೂ ಅವನ ಕೈಗೇ ಕೊಟ್ಟುಬಿಡುತ್ತಾನೆ. ಕಥೆಯ ಸಂಕಟವೆಲ್ಲ ಶುರುವಾಗೋದು ಅಲ್ಲಿಂದ. ಆದರೂ ಅವನ ಮೇಲೆ ಕೋಪ ಬರಲ್ಲ. ಹೀರೋ ಜೇಮ್ಸ್ ಸ್ಟೀವರ್ಟ್ ಕೊರಳಪಟ್ಟಿ ಹಿಡಿದು ಬೈದಾಗ ನಮಗೇ ಕರುಳು ಚುರುಕ್ ಅನ್ನುತ್ತದೆ.

ಬರೀ ಪಾಪದ ಮುದುಕನ ಪಾತ್ರವೇ ಅಂತ ಅನ್ನಿಸಿದರೆ ‘ಹೈ ನೂನ್’ (1952) ನೋಡಿ. ಗ್ಯಾರಿ ಕೂಪರ್ ಊರ ಮಾರ್ಷಲ್, ಅಂದರೆ ಪೊಲೀಸ್ ಅಧಿಕಾರಿ. ಅವನನ್ನು ಕೊಲ್ಲಲು ಒಬ್ಬ ಮಧ್ಯಾಹ್ನದ ರೈಲಿಗೆ ಬರುತ್ತಿದ್ದಾನೆ. ಸಹಾಯ ಕೇಳಲು ಚರ್ಚ್‌ಗೆ ಬಂದರೆ ಜನ ಆ ಕಡೆ ಈ ಕಡೆ ವಾದ ಮಾಡುತ್ತಾರೆ. ಕೊನೆಗೆ ಹಿರಿಯರಾದ ಮಿಚೆಲ್ ಏಳುತ್ತಾರೆ. ಇಂಥ ಮಾರ್ಷಲ್ ನಮಗೆ ಸಿಕ್ಕಿರಲಿಲ್ಲ ಅಂತ ಹೊಗಳುತ್ತಾರೆ. ಇನ್ನೇನು ಹತ್ತು ಜನ ಹೊರಟೇಬಿಟ್ಟರು ಅನ್ನುವಷ್ಟರಲ್ಲಿ ಮಾತು ಮೆಲ್ಲಗೆ ಹೊರಳುತ್ತದೆ. ಹೊರಗಿನವರು ಇಲ್ಲಿ ಹಣ ಹಾಕಲು ಯೋಚಿಸುತ್ತಿದ್ದಾರೆ, ಬೀದಿಯಲ್ಲಿ ಹೆಣ ಬಿದ್ದರೆ ಊರಿಗೆ ಕೆಟ್ಟ ಹೆಸರು, ನೀನು ಊರು ಬಿಡೋದೇ ಒಳ್ಳೇದು. ದನಿ ಏರಿಲ್ಲ, ಮುಖದಲ್ಲಿ ಕಪಟ ಇಲ್ಲ. ನಿಜವಾಗಲೂ ಅವನ ಒಳ್ಳೆಯದಕ್ಕೇ ಹೇಳುತ್ತಿರುವಂತಿದೆ. ನಾವೂ ತಲೆಯಾಡಿಸುತ್ತಾ ಕೇಳಿರುತ್ತೇವೆ, ಅಲ್ವಾ? ಅದೇ ಭಯಂಕರ. ಆ ಸಿನಿಮಾದ ಬಂದೂಕುಗಳಿಗಿಂತ ನನಗೆ ಈ ಭಾಷಣವೇ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು.

1953ರಲ್ಲಿ ಟಿವಿಯ ಎಮ್ಮಿ, ರಂಗಭೂಮಿಯ ಟೋನಿ ಎರಡೂ ಬಂದವು. ಆಸ್ಕರ್ ಸೇರಿ ಮೂರನ್ನೂ ಪಡೆದ ಮೊದಲ ನಟ ಅವರೇ. ಪ್ರಶಸ್ತಿ ಮಾತು ಅಷ್ಟು ಸಾಕು.

ಇನ್ನೊಂದು ಸ್ವಾರಸ್ಯ ಇದೆ. ಪೀಟರ್ ಫಾಕ್ ಟಿವಿಯಲ್ಲಿ ಮಾಡಿದ ಪತ್ತೇದಾರ ಕೊಲಂಬೋ ಗೊತ್ತಲ್ಲ? ಅದಕ್ಕೂ ಮುಂಚೆ, 1962ರ ಒಂದು ನಾಟಕದಲ್ಲಿ ಕೊಲಂಬೋ ಆಗಿದ್ದವರು ಮಿಚೆಲ್. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಮುಂದೆ ಟಿವಿಯಲ್ಲಿ ಇಡೀ ಕಥೆಯನ್ನು ಹೆಗಲ ಮೇಲೆ ಹೊತ್ತ ಕೊಲಂಬೋ, ಆ ನಾಟಕದಲ್ಲಿ ಮಾತ್ರ ಪೋಷಕ ಪಾತ್ರವೇ ಆಗಿತ್ತು ನೋಡಿ.

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ‘ಹೈ ನೂನ್’ ಅನ್ನುತ್ತೇನೆ. ಒಂದೂವರೆ ಗಂಟೆಯೂ ಇಲ್ಲ. ಮಿಚೆಲ್ ಸಿಗೋದು ಸ್ವಲ್ಪ ಹೊತ್ತು ಮಾತ್ರ, ಆ ಚರ್ಚ್ ದೃಶ್ಯದಲ್ಲಿ ಫೋನ್ ಕೆಳಗಿಡಿ.