ಕೂಟುಹೊಳೆಯ ಕಟ್ಟೆ, ಸಿರುವಾಣಿಯ ಕಾಡು

7 ಏಪ್ರಿಲ್ 2024, ಭಾನುವಾರ
ಮಡಿಕೇರಿ

ಬಾವ ಬಂದರೆ ಮನೆಯಲ್ಲಿ ನೀರಿನ ಮಾತು ಬಾರದೆ ಇರುವುದಿಲ್ಲ. ಕೊಯಮತ್ತೂರಿನಲ್ಲಿ ಪಂಪುಸೆಟ್ ಮಾಡುವ ಕಡೆ ಇಷ್ಟು ವರ್ಷ ದುಡಿದವರು. ಇವತ್ತು ಊಟಕ್ಕೆ ಕೂತು ಲೋಟ ಎತ್ತಿ, ಒಂದು ಗುಟುಕು ಕುಡಿದು, ಪಕ್ಕಕ್ಕಿಟ್ಟು, "ಟ್ಯಾಂಕರ್ ನೀರಾ?" ಅಂದರು. ಹೌದು, ಟ್ಯಾಂಕರಿನದೇ. ಕಾಯಿಸಿ ಆರಿಸಿದ್ದೆ, ಆದರೂ ಗೊತ್ತಾಯಿತು. ನಲ್ಲಿಯಲ್ಲಿ ಈಗ ದಿನ ಬಿಟ್ಟು ದಿನ ನೀರು. ಅದೂ ಸಣ್ಣಗೆ. ಮೇಲಿನ ಬೀದಿಯವರಿಗೆ ಅಷ್ಟೂ ಇಲ್ಲ.

"ಇಷ್ಟು ಮಳೆ ಹೊಡೆಯೋ ಊರಲ್ಲಿ ಕುಡಿಯೋಕೆ ಟ್ಯಾಂಕರಾ? ನಮ್ಮ ಸಿರುವಾಣಿ ನೀರು ಕುಡಿದು ನೋಡಬೇಕು ನೀನು" ಅಂದರು. ಸುಮ್ಮನಿರಿ ಅಂತ ಅಕ್ಕ ಸನ್ನೆ ಮಾಡಿದಳು. ನನಗೇನೂ ಬೇಜಾರಾಗಲಿಲ್ಲ. ಬೇಸಿಗೆ ಬಂತೆಂದರೆ ಈ ಪ್ರಶ್ನೆ ನನ್ನ ತಲೆಯಲ್ಲೂ ಕೂತಿರುತ್ತದೆ.

ಮಧ್ಯಾಹ್ನದ ಮೇಲೆ ಗಾಳಿಬೀಡಿನಿಂದ ಚಿಕ್ಕಪ್ಪ ಬಂದರು. ಜಗಲಿಯಲ್ಲಿ ಶುರುವಾದ ಮಾತು ಕಾಫಿ ಮುಗಿದರೂ ಮುಗಿಯಲಿಲ್ಲ. ಮರೆಯುವ ಮೊದಲು ಬರೆದಿಡಬೇಕು ಅನ್ನಿಸಿತು.

ಸಿರುವಾಣಿಯ ಕಥೆಯನ್ನು ಬಾವ ಹೇಳುವ ರೀತಿ ಚೆಂದ. ಕೊಯಮತ್ತೂರು ಘಟ್ಟದ ಆಚೆ ಬದಿಯ ಊರು. ಮುಂಗಾರಿನ ಮಳೆಯೆಲ್ಲ ಬೆಟ್ಟದ ಈಚೆಗೇ ಸುರಿದು ಮುಗಿದಿರುತ್ತದೆ, ಅಲ್ಲಿಗೆ ತಲುಪುವುದು ಒಣ ಗಾಳಿ. ಹಿಂದೆ ಊರಿನ ಬಾವಿಗಳಲ್ಲೂ ಉಪ್ಪು ನೀರು. 19ನೇ ಶತಮಾನದ ಕೊನೆಯಲ್ಲಿ ನರಸಿಂಹಲು ನಾಯ್ಡು ಅನ್ನುವವರು, ಪತ್ರಿಕೆ ನಡೆಸುತ್ತಿದ್ದವರು, ನೀರು ಹುಡುಕಿಕೊಂಡು ಕಾಡು ಹತ್ತಿದರಂತೆ. ಬೆಟ್ಟದ ಮೇಲೆ ಸಿರುವಾಣಿ ಅಂತ ಬೇಸಿಗೆಯಲ್ಲೂ ಬತ್ತದ ಹೊಳೆಯೊಂದಿದೆ, ಅದನ್ನು ಊರಿಗೆ ತರಬಹುದು ಅಂತ ಹೇಳುತ್ತಲೇ ಬಂದರು. ಬ್ರಿಟಿಷ್ ಸರ್ಕಾರ ಖರ್ಚಿನ ಲೆಕ್ಕ ನೋಡುತ್ತಾ ವರ್ಷಗಳನ್ನು ದೂಡಿತು. ನಾಯ್ಡು ತೀರಿಕೊಂಡಿದ್ದು 1922ರಲ್ಲಿ. ಹೊಳೆಗೆ ಸಣ್ಣ ಕಟ್ಟೆ ಕಟ್ಟಿ, ಬೆಟ್ಟ ಕೊರೆದು, ಊರಿಗೆ ನೀರು ಬಂದದ್ದು 1930ರ ಆಸುಪಾಸಿನಲ್ಲಿ. ಅವರು ಆ ನೀರನ್ನು ನಲ್ಲಿಯಲ್ಲಿ ನೋಡಲಿಲ್ಲ.

ಈಗಿರುವ ದೊಡ್ಡ ಅಣೆಕಟ್ಟು ಆಮೇಲಿನದು. ಜಾಗ ಕೇರಳದ್ದು, ಪಾಲಕ್ಕಾಡ್ ಜಿಲ್ಲೆಯ ಮುತ್ತಿಕುಳಂ ಬೆಟ್ಟಗಳಲ್ಲಿ. ಕುಡಿಯುವ ಊರು ತಮಿಳುನಾಡಿನದು. 1973ರಲ್ಲಿ ಎರಡೂ ರಾಜ್ಯ ಕೂತು ಒಪ್ಪಂದ ಮಾಡಿಕೊಂಡವು. ದುಡ್ಡು ತಮಿಳುನಾಡು ಕೊಡಬೇಕು, ಕೇರಳ ಕಟ್ಟಿಕೊಡಬೇಕು, ವರ್ಷಕ್ಕೆ 1.3 ಟಿಎಂಸಿ ನೀರು ಕೊಡಬೇಕು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 1984ರ ಹೊತ್ತಿಗೆ ಕಟ್ಟಿ ಮುಗಿಯಿತು. 57 ಮೀಟರ್ ಎತ್ತರ, 224 ಮೀಟರ್ ಉದ್ದದ ಗೋಡೆ. ನೀರು ಸುರಂಗದಲ್ಲಿ ಬೆಟ್ಟ ದಾಟಿ, ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ.

"ಪಂಪು ಮಾಡುವ ಊರಿಗೆ ಪಂಪಿಲ್ಲದೆ ನೀರು ಬರುತ್ತೆ" ಅಂದಾಗ ಬಾವನ ಮುಖದಲ್ಲಿ ಎಂಥ ಖುಷಿ!

ನಾನು ಒಮ್ಮೆ ಅಕ್ಕನ ಮನೆಗೆ ಹೋದಾಗ ಸಾಡಿವಯಲ್ ತನಕ ಹೋಗಿದ್ದೆ. ಅಡಿಕೆ ತೋಟ, ಬಾಳೆ ತೋಟ ದಾಟಿದ ಮೇಲೆ ಒಂದು ಚೆಕ್‌ಪೋಸ್ಟ್. ಅಲ್ಲಿಂದ ಮೇಲಕ್ಕೆ ಅರಣ್ಯ ಇಲಾಖೆಯವರು ಬಿಟ್ಟಷ್ಟೇ. ಬರೀ ಕಾಡು. ಅಣೆಕಟ್ಟು ಅಲ್ಲಿಂದ ಕಾಣುವುದೇ ಇಲ್ಲ. ಆಗ ನಿರಾಸೆಯಾಗಿತ್ತು. ಇವತ್ತು ಬಾವ ಹೇಳುವಾಗ ಅರ್ಥವಾಯಿತು, ಆ ಕಾಡಿಗೆ ಜನ ನುಗ್ಗದ ಕಾರಣಕ್ಕೇ ಆ ನೀರು ಹಾಗಿದೆ.

ನಮ್ಮ ಕೊಡಗಿನ ಹಾರಂಗಿಯಂಥ ಅಣೆಕಟ್ಟಿಗೂ ಸಿರುವಾಣಿಗೂ ಇರುವ ವ್ಯತ್ಯಾಸ ನಾನು ಕೇಳಿದೆ. ಬಾವ ಬಿಡಿಸಿ ಹೇಳಿದರು. ಗದ್ದೆಗೆ ಅಂತ ಕಟ್ಟಿದ್ದು ಬೆಳೆ ನೋಡಿಕೊಂಡು ಖಾಲಿಯಾಗುತ್ತದೆ, ಮಳೆ ಬಂದರೆ ಮತ್ತೆ ತುಂಬುತ್ತದೆ, ಒಂದು ವರ್ಷ ಕಡಿಮೆಯಾದರೆ ಒಂದು ಬೆಳೆ ಬಿಡಬಹುದು. ಕುಡಿಯುವ ನೀರಿಗೆ ಅಂತ ಕಟ್ಟಿದರೆ ಒಂದು ದಿನವನ್ನೂ ಬಿಡಲಾಗದು. ಮುಂದಿನ ಜೂನ್ ತನಕ ದಿನದ ಲೆಕ್ಕದಲ್ಲಿ ಉಳಿಸಬೇಕು. ನೀರು ಎಳೆದುಕೊಳ್ಳುವ ಗೋಪುರದಲ್ಲಿ ಬೇರೆ ಬೇರೆ ಎತ್ತರಕ್ಕೆ ವಾಲ್ವುಗಳಿರುತ್ತವೆ. ಮೇಲಿನ ನೀರು ಬಿಸಿಲಿಗೆ ಕಾದು ಪಾಚಿ ಕಟ್ಟುತ್ತದೆ, ತಳದ ನೀರಿಗೆ ಕೆಸರು ವಾಸನೆ. ನಡುವಿನದು ನೋಡಿ ತೆರೆಯಬೇಕು. ಹಾಗೇ ಹಿನ್ನೀರಿನ ಸುತ್ತ ದನ ಇಲ್ಲ, ತೋಟ ಇಲ್ಲ, ಮನೆ ಇಲ್ಲ. ಇಷ್ಟಾದರೂ ಊರು ಬೆಳೆದ ಮೇಲೆ ಸಿರುವಾಣಿಯೊಂದೇ ಸಾಲದೆ ಪಿಲ್ಲೂರು ಅಣೆಕಟ್ಟಿನಿಂದಲೂ ನೀರು ತರುತ್ತಿದ್ದಾರೆ. ಸಿರುವಾಣಿ ಪೂರ್ತಿ ತುಂಬಿದರೆ ನೀರಿನ ಮಟ್ಟ 49.5 ಅಡಿ. ಈಚೆಗೆ ಅಣೆಕಟ್ಟಿನ ಸುರಕ್ಷತೆ ನೋಡಿಕೊಂಡು ಕೇರಳ ಅಷ್ಟು ತುಂಬಲು ಬಿಡುತ್ತಿಲ್ಲ, ಪ್ರತಿ ಮಳೆಗಾಲ ಅದೇ ಪತ್ರ ವ್ಯವಹಾರ.

ಚಿಕ್ಕಪ್ಪ ಅಷ್ಟು ಹೊತ್ತು ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದರು. "ಆ ಸಿರುವಾಣಿ ಕೊನೆಗೆ ಎಲ್ಲಿ ಹೋಗುತ್ತೆ ಅಳಿಯಂದಿರೇ?" ಅಂದರು.

"ಭವಾನಿಗೆ."

"ಭವಾನಿ?"

"ಕಾವೇರಿಗೆ."

ಚಿಕ್ಕಪ್ಪ ನಕ್ಕರು. "ಹಾಗಾದ್ರೆ ಅದೂ ನಮ್ಮ ಅಮ್ಮನಿಗೇ ಸೇರೋದು. ಬರೀ ನಮ್ಮ ನಲ್ಲಿಗೆ ಮಾತ್ರ ಯಾವ ಅಮ್ಮನೂ ಬರಲ್ಲ."

ಈ ಮಾತು ಕೇಳಿ ನನಗೆ ಗಂಟಲು ಕಟ್ಟಿದ ಹಾಗಾಯಿತು.

ನಮ್ಮ ನಲ್ಲಿಗಳಿಗೆ ನೀರು ಬರುವ ಕೂಟುಹೊಳೆಯನ್ನು ನೋಡದ ಮಡಿಕೇರಿಯವರು ಎಷ್ಟೋ ಜನ ಇದ್ದಾರೆ. ಗಾಳಿಬೀಡಿನ ಹಾದಿಯಲ್ಲೇ ಇದೆ. ರೋಷನಾರ ಕೆರೆ, ಪಂಪಿನ ಕೆರೆಗಳಿಂದ ಊರಿನ ಬಾಯಾರಿಕೆ ತೀರದೆ ಹೋದ ಮೇಲೆ ಇದೇ ನಮ್ಮ ಮುಖ್ಯ ಆಧಾರ. ಪಂಪಿನ ಕೆರೆಯಿಂದ ಈಗ ದಸರಾಕ್ಕೆ ಕರಗ ಹೊರಡುವುದಷ್ಟೇ ಎಲ್ಲರಿಗೂ ನೆನಪು. ಕೂಟುಹೊಳೆಯದು ದೊಡ್ಡ ಅಣೆಕಟ್ಟೇನಲ್ಲ. ಬೇಸಿಗೆ ಬರುವ ಮೊದಲು ಕಟ್ಟೆಯ ಮೇಲೆ ಮರಳು ಮೂಟೆಗಳನ್ನು ಸಾಲಾಗಿ ಜೋಡಿಸುತ್ತಾರೆ, ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ. ಮೂಟೆಗಳ ಸಂದಿಯಲ್ಲಿ ನೀರು ಜಿನುಗುತ್ತಿರುತ್ತದೆ. ಕೆಲವು ಚೀಲ ಬಿಸಿಲಿಗೆ ಪಿಸಿದು, ಮರಳು ಕೆಳಗೆ ಸುರಿದಿರುತ್ತದೆ. ಒಂದು ಇಡೀ ಊರಿನ ಏಪ್ರಿಲ್, ಮೇ ತಿಂಗಳು ಆ ಚೀಲಗಳ ಮೇಲೆ ನಿಂತಿದೆ. ಸಾಲದೆ ಬಂದಾಗ ಕುಂಡಾಮೇಸ್ತ್ರಿ ಕಡೆಯ ನೀರನ್ನೂ ಕೂಡಿಸಿಕೊಳ್ಳುವ ಯೋಜನೆ ಆಯಿತು.

ಸಿರುವಾಣಿಯ ನೀರಿನ ಹಾಗೆ ನಮ್ಮದು ಇಳಿದು ಬರುವುದಿಲ್ಲ, ಹತ್ತಬೇಕು. ಊರು ಬೆಟ್ಟದ ನೆತ್ತಿಯಲ್ಲಿ, 3,800 ಅಡಿ ಆಸುಪಾಸು. ಕರೆಂಟು ಹೋದರೆ ನೀರೂ ಹೋಯಿತು. ಹಾರಂಗಿಯಲ್ಲಿ 8.5 ಟಿಎಂಸಿ ನಿಲ್ಲುತ್ತದಲ್ಲ ಅಂತ ಹೊರಗಿನವರು ಕೇಳುತ್ತಾರೆ. ಹಾರಂಗಿ ತುಂಬಿದಾಗಲೂ ಮಟ್ಟ 2,859 ಅಡಿ. ನಮ್ಮಿಂದ ಒಂಬೈನೂರು ಅಡಿಗೂ ಜಾಸ್ತಿ ಕೆಳಗೆ. ನಮ್ಮ ಬೆಟ್ಟಗಳಲ್ಲಿ ಬಿದ್ದ ಮಳೆ ಒಂದೇ ಉಸಿರಿಗೆ ಅಲ್ಲಿಗೆ ಇಳಿದು ಹೋಗುತ್ತದೆ. ಜುಲೈಯಲ್ಲಿ ಗೇಟು ತೆರೆದಾಗ ನೋಡಲು ಹೋಗುವವರೂ ನಾವೇ.

"ಹಾಗಾದ್ರೆ ದೊಡ್ಡದಾಗಿ ಕಟ್ಟಿಬಿಡಲಿ, ಸಿರುವಾಣಿ ಹಾಗೆ" ಅಂದರು ಬಾವ.

"ಎಲ್ಲಿ?" ಅಂದರು ಚಿಕ್ಕಪ್ಪ. "ಗುಡ್ಡ ಜರಿಯೋ ಜಾಗದಲ್ಲಾ?"

2018ರ ಆಗಸ್ಟ್ ಯಾರೂ ಮರೆತಿಲ್ಲ. ಮುಕ್ಕೋಡ್ಲು, ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲ, ಎಲ್ಲ ಕಡೆ ಗುಡ್ಡ ಜರಿಯಿತು. ಚಿಕ್ಕಪ್ಪನ ತೋಟದ ಒಂದು ಮೂಲೆಯೂ ಆವತ್ತು ರಾತ್ರಿ ಹೊಳೆಗೆ ಹೋಯಿತು. ಸಿಲ್ವರ್ ಮರಗಳು ನಿಂತ ಹಾಗೇ ಜಾರಿದವು ಅಂತ ಹೇಳುತ್ತಾರೆ. ಜರಿದ ಮಣ್ಣೆಲ್ಲ ಹೊಳೆಗಳ ಪಾತ್ರದಲ್ಲಿ ಕೂತಿದೆ. ಮೊದಲು ಗುಂಡಿಗಳಿದ್ದ ಕಡೆ ಈಗ ಮೊಣಕಾಲು ನೀರು. ಗುಂಡಿ ಇದ್ದರೆ ತಾನೇ ಬೇಸಿಗೆಗೆ ಸ್ವಲ್ಪ ಉಳಿಯುವುದು.

ಆಮೇಲೆ ಮಾತು ತಿರುಗಿದ್ದು ನಾವು ಯಾರೂ ಇಷ್ಟಪಡದ ಕಡೆಗೆ. ಸ್ಪ್ರಿಂಕ್ಲರ್. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿಗೆ ನೀರು ಹಾಯಿಸಲೇಬೇಕು. ಹಾಯಿಸಿ ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬಿಳಿ. ಹೂ ಕಟ್ಟದಿದ್ದರೆ ಆ ವರ್ಷದ ಫಸಲು ಇಲ್ಲ, ಸಾಲ ಮಾತ್ರ ಇರುತ್ತದೆ. ನಾನೂ ತೋಟದ ಮನೆಯ ಮಗಳು, ಆ ಚಿಂತೆ ನನಗೆ ಗೊತ್ತು. ಆದರೆ ಬಾವ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ. ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿದರೆ ಅದು ಏಳುನೂರೈವತ್ತು ಜನರ ಒಂದು ದಿನದ ನೀರು. ಹೊಳೆ ಸಣ್ಣದಾಗುವ ತಿಂಗಳಲ್ಲೇ ಎರಡೂ ಬೇಕು. ಎಳೆಯುವುದು ಅದೇ ಹೊಳೆಗಳಿಂದ, ಬಾವನ ಊರಿನಲ್ಲಿ ತಯಾರಾದ ಪಂಪುಗಳಿಂದ.

ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಚಿಕ್ಕಪ್ಪನೇ ಹೇಳಿದರು: "ಮಳೆಗಾಲದಲ್ಲೇ ತೋಟದೊಳಗೆ ಕೆರೆ ತುಂಬಿಸಿಕೊಂಡವರು ಹೊಳೆಗೆ ಪಂಪು ಇಳಿಸೋದು ಬೇಡ. ನಾನು ಅದಕ್ಕೇ ಕೆಳಗಿನ ಪಾಳು ಬಿದ್ದ ಹಡ್ಲು ಗದ್ದೆಯಲ್ಲಿ ಕೆರೆ ತೆಗೆಸಿದ್ದು. ಎಲ್ಲರಿಗೂ ಅಂಥ ಜಾಗ ಇರಲ್ಲ ಬಿಡು." ಹೊಳೆಗೆ ಪಂಪು ಹಾಕಬೇಡಿ ಅಂತ ಆದೇಶ ಬರುವ ವರ್ಷಗಳೂ ಇವೆ. ಆದೇಶಕ್ಕಿಂತ ಚಿಕ್ಕಪ್ಪನ ಕೆರೆ ನನಗೆ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಈ ಬಾರಿ ಬೋರುಗಳು ಬತ್ತಿ ಎಷ್ಟು ಸುದ್ದಿಯಾಯಿತು. ಅಲ್ಲಿ ನಮ್ಮ ಮಕ್ಕಳೇ ಇದ್ದಾರೆ, ಅವರ ಕಷ್ಟ ನಮ್ಮದೇ. 1974ರಿಂದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರಕ್ಕೆ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಿದ್ದಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಕಾವೇರಿಯಲ್ಲಿ ಮೊದಲಿನ ಹಂಚಿಕೆಗಿಂತ 14.75 ಟಿಎಂಸಿ ಜಾಸ್ತಿ ಕೊಟ್ಟಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೇ ಅಂತ ತೆಗೆದಿಟ್ಟಿತು. ಕುಡಿಯುವ ನೀರಿಗೆ ಮೊದಲ ಜಾಗ. ಸರಿಯಾದ ಮಾತು. ಅದೇ ಮಾತು ಹೊಳೆ ಹುಟ್ಟುವ ಬೆಟ್ಟಕ್ಕೂ ಸಲ್ಲಬೇಕು ಅಲ್ವಾ? ಅರ್ಧ ಕಿಲೋಮೀಟರ್ ಮೇಲಕ್ಕೆ ಒಂದು ನಗರಕ್ಕೆ ನೀರು ಏರುತ್ತದೆ ಅಂದರೆ, ಕೂಟುಹೊಳೆಯ ಹೂಳು ತೆಗೆಯುವುದು, ಮರಳು ಚೀಲದ ಜಾಗದಲ್ಲಿ ಗಟ್ಟಿ ಗೇಟು ಇಡುವುದು ಯಾವ ದೊಡ್ಡ ಕೆಲಸ?

ಗೇಟಿಗಿಂತಲೂ ಅದರ ಹಿಂದಿನ ಕಾಡು. ನನಗೆ ಇವತ್ತು ತಲೆಯಲ್ಲಿ ಕೂತಿರುವುದು ಅದೇ. ಎಲೆ ಕೊಳೆತು ಮೆತ್ತಗಾದ ನೆಲ ಮಳೆ ಕುಡಿದು, ಫೆಬ್ರವರಿ ಮಾರ್ಚಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಳೆಗೆ ಬಿಡುತ್ತದೆ. ಸಿರುವಾಣಿಯಲ್ಲಿ ಗೋಡೆ ಕಟ್ಟುವ ಮೊದಲೂ ಆ ಹೊಳೆ ಬತ್ತುತ್ತಿರಲಿಲ್ಲ, ನಾಯ್ಡು ಕಂಡದ್ದು ಅದನ್ನೇ. ಗಾಳಿಬೀಡು ಕಡೆ ಈಗ ಹೋದರೆ ಜೆಸಿಬಿ ಇಳಿದ ಕೆಂಪು ಗುಡ್ಡಗಳು ಕಾಣುತ್ತವೆ. ಹೋಂಸ್ಟೇ ಬೋರ್ಡುಗಳು. ನೋಟ ಚೆನ್ನಾಗಿದೆ ಅಂತ ನೆತ್ತಿಯಲ್ಲೇ ಮಟ್ಟ ಮಾಡುತ್ತಾರೆ. ನೆತ್ತಿಯ ನೀರು ಎಲ್ಲಿಗೆ ಇಳಿಯುತ್ತದೆ, ಅಲ್ಲಿನ ಶೌಚದ ಗುಂಡಿ ಎಲ್ಲಿಗೆ ಸೋರುತ್ತದೆ ಅಂತ ಯಾರು ನೋಡುತ್ತಾರೆ?

ಬಾವ, ಅಕ್ಕ ನಾಳೆ ಬೆಳಿಗ್ಗೆ ಹೊರಡುತ್ತಾರೆ. ಹಬ್ಬಕ್ಕೆ ಇರಿ ಅಂದರೂ ಕೇಳಲಿಲ್ಲ. ಅಕ್ಕನಿಗೆ ಕಿತ್ತಳೆ ಬೇಕಿತ್ತು, ಒಳ್ಳೆಯದು ಸಿಗಲಿಲ್ಲ. ಕರಿಮೆಣಸು ಕಟ್ಟಿಕೊಟ್ಟಿದ್ದೇನೆ.

26ಕ್ಕೆ ಲೋಕಸಭೆಯ ಓಟು. ಬೀದಿಗೆ ಬಂದವರೆಲ್ಲ ನೀರಿನ ಸಮಸ್ಯೆ ಬಗೆಹರಿಸುತ್ತೇವೆ ಅಂತ ಹೇಳಿಯೇ ಹೋಗುತ್ತಾರೆ. ಈ ಸಲ ಬಂದಾಗ ನಲ್ಲಿಯ ವಿಷಯ ಎತ್ತುವುದಿಲ್ಲ. ಕೂಟುಹೊಳೆಗೆ ನೀರು ಇಳಿಯುವ ಗುಡ್ಡಗಳ ಗಡಿ ಎಲ್ಲಿಂದ ಎಲ್ಲಿಗೆ, ಅದರಲ್ಲಿ ಅರಣ್ಯ ಎಷ್ಟು, ಪೈಸಾರಿ (ಸರ್ಕಾರಿ ಜಾಗ) ಎಷ್ಟು, ಖಾಸಗಿ ಜಾಗ ಎಷ್ಟು, ನಕ್ಷೆ ಇದ್ದರೆ ತೋರಿಸಿ ಅಂತ ಕೇಳುತ್ತೇನೆ. ಚಿಕ್ಕಪ್ಪನನ್ನೂ ಕರೆಸಿಕೊಳ್ಳಬೇಕು, ಅವರಿಗೆ ಆ ಕಡೆಯ ಪ್ರತಿ ತೋಡೂ ಗೊತ್ತು. ನಕ್ಷೆ ಇಲ್ಲ ಅಂದರೆ ನಾವೇ ನಡೆದು ಬರೆಯಬಹುದಾ ಅಂತ ಯೋಚಿಸುತ್ತಿದ್ದೇನೆ, ಮಳೆ ಶುರುವಾಗುವ ಮೊದಲು, ಜಿಗಣೆ ಏಳುವ ಮೊದಲು, ಗಾಳಿಬೀಡಿನಿಂದ ಶುರು ಮಾಡಿ.